ಹಾರುವ ಹಕ್ಕಿಗೊಂದು ದುರ್ಬೀನು

ಕೊಂಬೆಯ ಮೇಲೆ ಕುಳಿತ ಹಕ್ಕಿಯನ್ನು ನೋಡುವುದಕ್ಕೆ ಹೆಚ್ಚು ಕಡಿಮೆ ಯಾವ ದುರ್ಬೀನಾದರೂ ಆದೀತು. ನಾವು ಕನ್ನಡಕ ಒರೆಸಿಕೊಳ್ಳುವವರೆಗೆ, ಪಕ್ಕದವರನ್ನು ಕೂಗಿ ಕರೆಯುವವರೆಗೆ, ನಡುವಿನ ತಿರುಗುಚಕ್ರವನ್ನು ಹಿಂದೆ ಮುಂದೆ ಆಡಿಸಿ ಚಿತ್ರವನ್ನು ತಿಳಿಯಾಗಿಸಿಕೊಳ್ಳುವವರೆಗೆ ಅದು ಸಾವಧಾನವಾಗಿ ಕುಳಿತಿರುತ್ತದೆ. ರೆಕ್ಕೆ ಬಿಚ್ಚಿದ ಹಕ್ಕಿಗೆ ಈ ದಾಕ್ಷಿಣ್ಯವಿಲ್ಲ. ಅದು ಎದುರಿಗೆ ಬಂದು, ತಲೆಯ ಮೇಲೆ ಹಾದು, ಬೆನ್ನ ಹಿಂದಿನ ಮರಗಳಲ್ಲಿ ಮರೆಯಾಗುವುದಕ್ಕೆ ನಾಲ್ಕೈದು ಸೆಕೆಂಡುಗಳು ಸಾಕು. ಅಷ್ಟರೊಳಗೆ ಕಣ್ಣು, ಕೈ, ಗಾಜು ಮೂರೂ ಒಂದಾಗಬೇಕು.

ಅಂಗಡಿಯವರನ್ನು ಕೇಳಿದರೆ ಅವರು ಮೊದಲು ಎತ್ತಿ ತೋರಿಸುವುದು ದೊಡ್ಡ ಅಂಕೆಯನ್ನು. ದುರ್ಬೀನಿನ ಮೈಮೇಲೆ 8×32, 10×50 ಎಂದು ಮುದ್ರಿಸಿರುತ್ತಾರಷ್ಟೆ. ಮೊದಲನೆಯ ಅಂಕೆ ವಸ್ತುವು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರುಗಳಲ್ಲಿ. ಎಂಟಕ್ಕಿಂತ ಹತ್ತು ಮೇಲು, ಹತ್ತಕ್ಕಿಂತ ಇಪ್ಪತ್ತು ಮೇಲು ಎಂದು ತಿಳಿಯುವುದು ಸಹಜ. ಹಾರುವ ಹಕ್ಕಿಯ ವಿಷಯದಲ್ಲಿ ಈ ಲೆಕ್ಕ ಕೆಳಗುಮೇಲಾಗುತ್ತದೆ. ಇದನ್ನು ನಾವು ಮೇಜಿನ ಮುಂದೆ ಕುಳಿತು ತಿಳಿದದ್ದಲ್ಲ. ಜನವರಿಯ ಕೊನೆಯ ವಾರದಲ್ಲಿ ಮೂರು ಊರುಗಳನ್ನು ಸುತ್ತಿ, ಮೂರು ಬಗೆಯ ನೀರಿನ ಬಳಿ ನಿಂತು ತಿಳಿದುಕೊಂಡದ್ದು.

ಪ್ರವಾಸದ ಕಾರಣ ನಮ್ಮ ಭಾವನವರು. ಕೆಲಸದಲ್ಲಿದ್ದಾಗ ಅವರು ಗದಗದಲ್ಲಿ ನಾಲ್ಕು ವರ್ಷ ಇದ್ದವರು. ಚಳಿಗಾಲದ ಸಂಜೆ ಬಸ್ಸಿನಲ್ಲಿ ಊರಿಗೆ ಮರಳುವಾಗ ಎರೆಹೊಲಗಳ ಮೇಲೆ ಸಾಲುಗಟ್ಟಿ ಹೋಗುತ್ತಿದ್ದ ದೊಡ್ಡ ಬಾತುಗಳನ್ನು ಕಿಟಕಿಯಿಂದ ನೋಡಿದ್ದರಂತೆ. ಎಂದಾದರೂ ಒಮ್ಮೆ ಇಳಿದು ಹತ್ತಿರದಿಂದ ನೋಡಬೇಕೆಂದು ಅಂದುಕೊಂಡದ್ದು ಹಾಗೆಯೇ ಉಳಿಯಿತು. ಮುಂದೆ ಎರಡೂ ಕಣ್ಣುಗಳಿಗೆ ಪೊರೆ ಬಂದು ಆಕಾಶವೇ ಮಸುಕಾಯಿತು. ಕಳೆದ ವರ್ಷ ಶಸ್ತ್ರಚಿಕಿತ್ಸೆಯಾಗಿ, ದೂರದ ನೋಟಕ್ಕೆ ಕನ್ನಡಕವೂ ಬೇಡವೆನ್ನುವಷ್ಟು ದೃಷ್ಟಿ ಮರಳಿದೆ. ಆದರೆ ಅದೇ ವರ್ಷ ಬಲಗೈ ಸಣ್ಣಗೆ ನಡುಗತೊಡಗಿತು. ಅದು ಮೆಲ್ಲಮೆಲ್ಲನೆ ಹೆಚ್ಚುವಂಥದೆಂದು ವೈದ್ಯರು ಮರೆಮಾಚದೆ ಹೇಳಿದ್ದಾರೆ.

“ಕಣ್ಣು ಬಂತು, ಕೈ ಹೊರಟಿದೆ ನೋಡಯ್ಯ. ಇವೆರಡರ ನಡುವೆ ಸಿಕ್ಕಿರುವ ಕಾಲದಲ್ಲಿ ಆ ಬಾತುಗಳನ್ನು ಒಂದು ಸಲ ಚೆನ್ನಾಗಿ ನೋಡಿಬಿಡಬೇಕು” ಎಂದರು ಭಾವ. ಪಿಂಚಣಿಯಲ್ಲಿ ಉಳಿಸಿದ ಒಂದಿಷ್ಟು ಹಣವನ್ನು ದುರ್ಬೀನಿಗೆಂದು ತೆಗೆದಿರಿಸಿದ್ದರು. ಕೊಳ್ಳುವುದು ಒಂದೇ, ಒಂದೇ ಸಲ. ಅದನ್ನು ದಪ್ಪ ಕನ್ನಡಕದ ನಮ್ಮ ಅಕ್ಕನೂ ಒಂಬತ್ತು ವರ್ಷದ ಮೊಮ್ಮಗಳೂ ಬಳಸುವಂತಿರಬೇಕು ಎಂಬುದು ಮನೆಯ ತೀರ್ಮಾನ. ಹೀಗಾಗಿ ಕೊಳ್ಳುವ ಮೊದಲು ಪರಿಚಿತರಿಂದ ಮೂರು ದುರ್ಬೀನುಗಳನ್ನು ಎರವಲು ತಂದೆವು. ನಕ್ಷತ್ರ ನೋಡುವ ಹವ್ಯಾಸದ ನೆರೆಯವರದು 10×50, ಹಳೆಯ ಮಾದರಿಯದು, ಸುಮಾರು ಒಂದು ಕಿಲೋ ತೂಕ. ಕಾಲೇಜಿನ ಹುಡುಗರೊಬ್ಬರದು 8×32, ಅರ್ಧ ಕಿಲೋ. ಮೂರನೆಯದು ಜೇಬಿನಲ್ಲಿ ಹಿಡಿಯುವ 10×25. ಪುಟ್ಟದು, ಚೆಂದದ್ದು, ಮೊಮ್ಮಗಳು ಮೊದಲ ನೋಟಕ್ಕೇ ತನ್ನದೆಂದು ಸಾರಿದ್ದು.

ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದು ನಸುಕಿನಲ್ಲೇ ಹೊರಟೆವು. ರಾಮನಗರದ ಬಂಡೆಬೆಟ್ಟಗಳ ಮೇಲೆ ಆಗಲೇ ಬಿಸಿಲು ಬಿದ್ದಿತ್ತು. ಇಲ್ಲಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ರಣಹದ್ದುಗಳ ಸಂಖ್ಯೆ ಬಹಳ ಇಳಿದಿರುವ ಕಾಲವಿದು, ನಮಗೆ ಕಂಡದ್ದು ಸಾಮಾನ್ಯ ಹದ್ದುಗಳು ಮಾತ್ರ. ಚನ್ನಪಟ್ಟಣವನ್ನು ದಾಟಿ, ರುದ್ರಾಕ್ಷಿಪುರದ ಬಳಿ ಹೆದ್ದಾರಿಯನ್ನು ಬಿಟ್ಟು, ಕಬ್ಬಿನ ಗದ್ದೆಗಳ ನಡುವಣ ಹನ್ನೆರಡು ಕಿಲೋಮೀಟರ್ ದಾರಿಯನ್ನು ಸವೆಸಿದರೆ ಕೊಕ್ಕರೆ ಬೆಳ್ಳೂರು.

ಈ ಊರಿನ ಹಕ್ಕಿಗಳನ್ನು ನೋಡಲು ಕಾಡಿಗೆ ಹೋಗಬೇಕಾಗಿಲ್ಲ. ಬೀದಿಯ ಹುಣಿಸೆಮರಗಳಲ್ಲಿ, ಮನೆಯ ಹಿತ್ತಿಲ ಆಲ ಅರಳಿಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿವೆ. ಕೆಳಗೆ ಹೆಂಗಸರು ರಾಗಿ ಕೇರುತ್ತಿದ್ದರೆ ಮೇಲೆ ಮರಿಗಳು ಕಿರಿಚುತ್ತಿರುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಈ ಹಕ್ಕಿಗಳು ಎಂಬುದು ಊರವರ ನಂಬಿಕೆ. ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ ಎಂಬ ಲೆಕ್ಕವೂ ಅದರ ಜೊತೆಗಿದೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಕಾಗದದ ಮೇಲೆ ಬರುವುದಕ್ಕೆ ಎಷ್ಟೋ ಮುಂಚೆಯೇ ಊರವರು ಆ ಕೆಲಸವನ್ನು ಮಾಡಿಕೊಂಡು ಬಂದಿದ್ದರು.

ಹೆಜ್ಜಾರ್ಲೆ ಹಾರುವುದನ್ನು ನೋಡುವುದೇ ಒಂದು ಗಂಭೀರ ಅನುಭವ. ಏಳೆಂಟು ಅಡಿ ಹರಡುವ ರೆಕ್ಕೆ, ಹಿಂದಕ್ಕೆ ಮಡಿಸಿದ ಕೊರಳು, ಎದೆಯ ಮೇಲೆ ಒರಗಿಸಿದ ಕೊಕ್ಕಿನ ಚೀಲ. ಬಿಸಿಗಾಳಿ ಏಳುವ ಹೊತ್ತಿಗೆ ರೆಕ್ಕೆಯನ್ನು ಬಡಿಯದೆಯೇ ಸುತ್ತಿ ಸುತ್ತಿ ಮೇಲೇರುತ್ತದೆ. ಇಂಥ ನಿಧಾನದ ಹಾರಾಟಕ್ಕೆ ನೆರೆಯವರ 10×50 ಕೂಡ ಒದಗಿಬಂತು. ಗೂಡಿನಿಂದ ಎದ್ದ ಹಕ್ಕಿಯನ್ನು ಹಿಡಿದು, ಶಿಂಷಾ ನದಿಯ ಕಡೆ ತೇಲಿಹೋಗುವವರೆಗೆ ಬಿಡದೆ ಹಿಂಬಾಲಿಸಬಹುದಾಗಿತ್ತು. ಭಾವನವರಿಗೆ ಮಾತ್ರ ಎರಡನೆಯ ನಿಮಿಷಕ್ಕೇ ತೋಳು ಸೋತಿತು. ಅಂಗಡಿಯ ಗಾಜಿನ ಮೇಜಿನ ಮೇಲೆ ಒಂದು ಕಿಲೋ ಒಂದು ಕಿಲೋವಾಗಿಯೇ ಇರುತ್ತದೆ; ಮುಖ ಮೇಲೆತ್ತಿ ಆಕಾಶಕ್ಕೆ ಹಿಡಿದಾಗ ಅದು ನಿಮಿಷನಿಮಿಷಕ್ಕೂ ಬೆಳೆಯುತ್ತದೆ.

ಇಲ್ಲಿಯೇ ಮೊಮ್ಮಗಳಿಗೆ ಮೊದಲ ಪಾಠವಾಯಿತು. ಅವಳು ಹಕ್ಕಿಯನ್ನು ಕಂಡೊಡನೆ ತಲೆ ತಗ್ಗಿಸಿ, ಕೊರಳಲ್ಲಿದ್ದ ದುರ್ಬೀನನ್ನು ನೋಡಿ, ಅದನ್ನು ಕಣ್ಣಿಗಿಟ್ಟು, ಆಮೇಲೆ ಆಕಾಶವನ್ನು ಹುಡುಕುತ್ತಿದ್ದಳು. ಸಿಗುತ್ತಿದ್ದುದು ಬರಿಯ ಆಕಾಶ. ಹಕ್ಕಿಯ ಮೇಲಿಟ್ಟ ದೃಷ್ಟಿಯನ್ನು ಕದಲಿಸದೆ ದುರ್ಬೀನನ್ನೇ ಕಣ್ಣಿನ ದಾರಿಗೆ ಎತ್ತಿಕೊಳ್ಳಬೇಕು. ಆಮೇಲೆ ಹಿಂಬಾಲಿಸುವಾಗ ಕೊರಳನ್ನು ತಿರುಗಿಸದೆ ಸೊಂಟದಿಂದ ಮೇಲೆ ಇಡೀ ಮೈಯನ್ನು ತಿರುಗಿಸಬೇಕು. ಹತ್ತು ಸಲ ಮಾಡಿದರೆ ಕೈಗೆ ಬರುತ್ತದೆ. ಹಕ್ಕಿ ಬರುವ ಮೊದಲೇ, ಅದು ಹಾಯಬಹುದಾದಷ್ಟೇ ದೂರದ ಒಂದು ಮರಕ್ಕೆ ಗಾಜನ್ನು ಸರಿಹೊಂದಿಸಿಕೊಂಡಿದ್ದರೆ ಇನ್ನೂ ಲೇಸು. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬಾರದು. ಇದನ್ನು ಮಕ್ಕಳಿಗೆ ಮೂರು ಸಲ ಹೇಳಿದರೂ ಅತಿಯಾಗದು.

ಮದ್ದೂರಿನಲ್ಲಿ ವಡೆ ತಿಂದು (ಆ ದಾರಿಯಲ್ಲಿ ಹೋಗಿ ಅದನ್ನು ತಿನ್ನದೆ ಬಂದರೆ ಅಕ್ಕ ಒಪ್ಪುವುದಿಲ್ಲ) ಮಧ್ಯಾಹ್ನ ಇಳಿಯುವ ಹೊತ್ತಿಗೆ ರಂಗನತಿಟ್ಟನ್ನು ಸೇರಿದೆವು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಪಾತ್ರದಲ್ಲಿರುವ ಈ ನಡುಗಡ್ಡೆಗಳು ಪ್ರಕೃತಿ ತಾನಾಗಿ ಇಟ್ಟವಲ್ಲ. 1645 ಮತ್ತು 1648ರ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ನೀರು ಹರಡಿ ತಿಟ್ಟುಗಳು ಉಳಿದವು. ಮನುಷ್ಯ ಗದ್ದೆಗೆ ನೀರು ಹರಿಸಲು ಕಟ್ಟಿದ. ಹಕ್ಕಿಗಳು ಅದನ್ನು ತಮ್ಮ ಬಾಣಂತಿಮನೆ ಮಾಡಿಕೊಂಡವು. ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನು ಕಂಡು ಮೈಸೂರಿನ ಅರಸರಿಗೆ ಸಲಹೆಯಿತ್ತುದರ ಫಲವಾಗಿ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು.

ದೋಣಿಯಲ್ಲಿ ಕುಳಿತೆವು. ಅಂಬಿಗನು ಹುಟ್ಟು ಹಾಕುತ್ತ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ತೋರಿಸಿದ. ಮೊಮ್ಮಗಳು ತಾತನ ತೋಳನ್ನು ಬಿಗಿಯಾಗಿ ಹಿಡಿದಳು. ಬಣ್ಣದ ಕೊಕ್ಕರೆಗಳು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ನಮ್ಮ ತಲೆಯ ಮೇಲೆಯೇ ಹಾದು ಗೂಡಿಗಿಳಿಯುತ್ತಿದ್ದವು. ಚಮಚದಂಥ ಕೊಕ್ಕಿನವು, ಬಾಯ್ಕಳಕಗಳು, ನೀರುಕಾಗೆಗಳು, ಮರದ ಕೆಳಗಿನ ನೆರಳಿನಲ್ಲಿ ತೂಕಡಿಸುವ ಇರುಳು ಬಕಗಳು. ಎಲ್ಲವೂ ಎಷ್ಟು ಸಮೀಪವೆಂದರೆ, ಇವುಗಳಿಗೆ ದುರ್ಬೀನು ಯಾಕೆ ಎಂದು ಅಕ್ಕ ಕೇಳಿದಳು. ಬೇಕಾದದ್ದು ಬಂಡೆಗಳ ಸುತ್ತ ಸುಳಿಯುತ್ತಿದ್ದ ಕವಲುತೋಕೆಗಳಿಗೆ. ಬಂಡೆಯ ಚಾಚಿನ ಕೆಳಗೆ ಹಸಿಮಣ್ಣಿನ ಗೂಡುಗಳನ್ನು ಒತ್ತೊತ್ತಾಗಿ ಕಟ್ಟಿಕೊಂಡು, ಗುಬ್ಬಿಗಿಂತ ಸಣ್ಣ ಈ ಜೀವಗಳು ನೀರಿನ ಮೇಲೆ ಬಾಣದಂತೆ ಹೋಗಿ ಬರುತ್ತಿದ್ದವು. ಆಚೆಗೆ ಹೊಳೆಯ ರೀವಗಳು ಗಾಳಿಯಲ್ಲಿ ಒಂದು ಕ್ಷಣ ತಡೆದು ನಿಂತು, ಮೀನಿಗಾಗಿ ನೇರವಾಗಿ ಬೀಳುತ್ತಿದ್ದವು.

ಇಲ್ಲಿ ವಾಚಕರು ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕು. ದುರ್ಬೀನಿನಲ್ಲಿ ಕಾಣುವ ದುಂಡು ಕಿಟಕಿಯ ಅಗಲವನ್ನು ಡಿಗ್ರಿಗಳಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯೆಂದರೆ 1000 ಮೀಟರ್ ದೂರದಲ್ಲಿ ಸುಮಾರು 17.5 ಮೀಟರ್. ನಮ್ಮ 8×32ರ ಕಿಟಕಿ 8 ಡಿಗ್ರಿ, 10×50ರದು 6.5, ಜೇಬಿನ 10×25ರದು 5. ಮೂವತ್ತು ಮೀಟರ್ ದೂರದ ಕವಲುತೋಕೆಯೊಂದು ಸೆಕೆಂಡಿಗೆ ಹತ್ತು ಮೀಟರ್ ಹೋಗುತ್ತದೆಂದು ಇಟ್ಟುಕೊಳ್ಳಿ. ಆ ದೂರದಲ್ಲಿ ಮೊದಲನೆಯ ಕಿಟಕಿಯ ಅಗಲ 4.2 ಮೀಟರ್, ಎರಡನೆಯದು 3.4, ಮೂರನೆಯದು 2.6. ಕೈ ಕದಲಿಸದೆ ಹಿಡಿದಿದ್ದರೆ ಹಕ್ಕಿ ಮೊದಲನೆಯದರಲ್ಲಿ ಅರೆ ಸೆಕೆಂಡಿಗೆ ಸ್ವಲ್ಪ ಕಡಿಮೆ, ಕೊನೆಯದರಲ್ಲಿ ಕಾಲು ಸೆಕೆಂಡು ಇದ್ದು ಹೋಗುತ್ತದೆ. ಕಣ್ಣಿಗೆ ಬಿದ್ದಿತೇ ಇಲ್ಲವೇ ಎಂಬ ಸಂಶಯದಲ್ಲೇ ಆ ಕಾಲು ಸೆಕೆಂಡು ಮುಗಿಯುತ್ತದೆ. ಹಾರುವ ಹಕ್ಕಿಗೆ ದುರ್ಬೀನು ಕೊಳ್ಳುವವರು ಎಷ್ಟು ಪಟ್ಟು ಎಂಬುದಕ್ಕಿಂತ ಮೊದಲು ಎಷ್ಟು ಡಿಗ್ರಿ ಎಂದು ಕೇಳಬೇಕಾದದ್ದು ಇದಕ್ಕಾಗಿ. ಏಳೂವರೆ ಡಿಗ್ರಿಗೆ ಕಡಿಮೆಯಾದದ್ದನ್ನು ನಾನಂತೂ ಈ ಕೆಲಸಕ್ಕೆ ಕೊಳ್ಳಲಾರೆ.

ಇನ್ನೊಂದು ಸಂಗತಿಯೂ ದೋಣಿಯಲ್ಲೇ ತಿಳಿಯಿತು. ಕೊಕ್ಕರೆ ನಮ್ಮ ಕಡೆಗೇ ಹಾರಿ ಬರುವಾಗ ಕ್ಷಣಕ್ಷಣಕ್ಕೂ ದೂರ ಬದಲಾಗುತ್ತದೆ. ತಿರುಗುಚಕ್ರವನ್ನು ಆಡಿಸುತ್ತಲೇ ಇರಬೇಕು. ಎಷ್ಟು ಹಿಂದಿನಿಂದ ಎಷ್ಟು ಮುಂದಿನವರೆಗೆ ಚಿತ್ರ ತಿಳಿಯಾಗಿರುತ್ತದೆ ಎಂಬ ಆಳವು ಪಟ್ಟು ಹೆಚ್ಚಿದಂತೆ ಬೇಗ ಬೇಗ ಕುಗ್ಗುತ್ತದೆ. ಎಂಟು ಪಟ್ಟಿನಲ್ಲಿ ದೊರೆಯುವ ಆಳದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಹತ್ತು ಪಟ್ಟಿನಲ್ಲಿ. ಜೊತೆಗೆ ದೋಣಿಯ ಅಲುಗಾಟವೂ ಹಕ್ಕಿಯಷ್ಟೇ ಪಟ್ಟು ಹಿಗ್ಗಿ ಕಾಣುತ್ತದೆ. ಚಕ್ರವು ಬೆರಳ ತುದಿಯ ಒಂದು ಎಳೆತಕ್ಕೆ ಹತ್ತಿರದಿಂದ ದೂರಕ್ಕೆ ಹೋಗುವಂತಿರಬೇಕು. ಹಳೆಯ ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಸುತ್ತಬೇಕಾದ ದುರ್ಬೀನು ಕುಳಿತ ಹಕ್ಕಿಗೇ ಮೀಸಲು.

ಆ ರಾತ್ರಿ ಮೈಸೂರಿನ ವಸತಿಗೃಹದಲ್ಲಿ ಮೂರನ್ನೂ ಹಾಸಿಗೆಯ ಮೇಲೆ ಹರಡಿಕೊಂಡು ಮನೆಮಂದಿಯ ಕಣ್ಣಿನ ಪರೀಕ್ಷೆ ನಡೆಯಿತು. ಅಕ್ಕ ಕನ್ನಡಕ ತೆಗೆಯದೆ ನೋಡಬೇಕು. ಕನ್ನಡಕದ ಗಾಜು ಅಡ್ಡ ಬರುವುದರಿಂದ ಅವಳ ಕಣ್ಣು ದುರ್ಬೀನಿನ ಗಾಜಿಗೆ ಅಷ್ಟು ದೂರವೇ ಉಳಿಯುತ್ತದೆ. 15ರಿಂದ 17 ಮಿಲಿಮೀಟರ್ ದೂರದಿಂದಲೂ ಇಡೀ ಕಿಟಕಿ ಕಾಣುವಂಥದನ್ನು ಆರಿಸದಿದ್ದರೆ ಅವಳಿಗೆ ಕಾಣುವುದು ಕೀಲಿರಂಧ್ರದಷ್ಟು ಲೋಕ. 8×32ರ ರಬ್ಬರಿನ ಬಟ್ಟಲನ್ನು ತಿರುಗಿಸಿ ಒಳಕ್ಕೆ ತಳ್ಳಿದಾಗ ಎದುರು ಕಟ್ಟಡದ ಫಲಕವನ್ನು ಪೂರ್ತಿಯಾಗಿ ಓದಿದಳು. ಹಳೆಯ 10×50ರಲ್ಲಿ ಅದರ ನಡುವಿನ ಅಕ್ಷರಗಳು ಮಾತ್ರ ಸಿಕ್ಕವು. ಮೊಮ್ಮಗಳ ಕಷ್ಟ ಬೇರೆ. ಮಕ್ಕಳ ಮುಖ ಕಿರಿದು, ಕಣ್ಣುಗಳ ನಡುವಣ ಅಂತರ ಕಡಿಮೆ. ದುರ್ಬೀನಿನ ಎರಡು ಕೊಳವೆಗಳನ್ನು ಎಷ್ಟು ಮಡಿಸಿದರೂ ಅಷ್ಟು ಹತ್ತಿರ ಬರದಿದ್ದರೆ ಮಗುವಿಗೆ ಎರಡು ದುಂಡುಗಳು ಬೇರೆ ಬೇರೆಯಾಗಿಯೇ ಕಾಣುತ್ತವೆ. ಚೆನ್ನಾಗಿ ಕಾಣುತ್ತದೆಯೇ ಎಂದು ಕೇಳಿದರೆ ಹೂಂ ಎನ್ನುತ್ತವೆ, ಪಾಪ. ಎಷ್ಟು ದುಂಡು ಕಾಣುತ್ತದೆ ಎಂದೇ ಕೇಳಬೇಕು.

ಬಲಗಣ್ಣಿನ ಕಡೆಯ ಬಳೆಯನ್ನು ಹೊಂದಿಸುವುದನ್ನೂ ಅಂದೇ ಎಲ್ಲರಿಗೂ ಹೇಳಿಕೊಟ್ಟೆ. ಬಲದ ಮುಂಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಬರಹವೊಂದನ್ನು ಎಡಗಣ್ಣಿಗೆ ನಡುವಿನ ಚಕ್ರದಿಂದ ತಿಳಿಯಾಗಿಸಬೇಕು. ಆಮೇಲೆ ಎಡವನ್ನು ಮುಚ್ಚಿ, ಚಕ್ರವನ್ನು ಮುಟ್ಟದೆ, ಬಲದ ಬಳೆಯಿಂದ ಅದೇ ಬರಹವನ್ನು ಬಲಗಣ್ಣಿಗೆ ತಿಳಿಯಾಗಿಸಬೇಕು. ಎಷ್ಟೋ ಮನೆಗಳಲ್ಲಿ ಒಳ್ಳೆಯ ದುರ್ಬೀನುಗಳು ತಲೆನೋವು ತರುತ್ತವೆಂದು ಪೆಟ್ಟಿಗೆ ಸೇರಿರುವುದು ಈ ಬಳೆಯನ್ನು ಯಾರೂ ಮುಟ್ಟದಿರುವುದರಿಂದಲೇ.

ಮರುದಿನ ರೈಲು ಹತ್ತಿ ಗದಗ ಸೇರಿದೆವು. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಭಾವನವರಿಗೆ ನಲವತ್ತು ವರ್ಷದ ಹಿಂದಿನ ರುಚಿ ಮರಳಿ ಸಿಕ್ಕಿದ ಸಂತೋಷ. ಊರಿನಿಂದ ಸುಮಾರು 26 ಕಿಲೋಮೀಟರ್ ದೂರ, ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಎಂಬ ಹಳ್ಳಿಯಿದೆ. ಕೆಂಪೇಗೌಡರ ಮಾಗಡಿಯಲ್ಲ, ಇದು ಬೇರೆ. ಕಡಲೆ, ಜೋಳದ ಹೊಲಗಳ ನಡುವೆ ಸುಮಾರು 50 ಹೆಕ್ಟೇರಿನ ಬಯಲು ಕೆರೆ. ದೂರದಲ್ಲಿ ಕಪ್ಪತಗುಡ್ಡದ ನೀಲಿ ಸಾಲು. ಇದೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ.

ಕೆರೆಯ ನಡುವಣ ನೀರಿನಲ್ಲಿ, ದಂಡೆಯ ಹಸುರಿನಲ್ಲಿ, ಬೂದುಬಣ್ಣದ ಬಾತುಗಳು ನೂರಾರು ಸಂಖ್ಯೆಯಲ್ಲಿ ಕುಳಿತಿದ್ದವು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕರಿಯ ಪಟ್ಟೆ. ಪಟ್ಟೆತಲೆ ಹೆಬ್ಬಾತು ಎಂಬ ಹೆಸರು ಬಂದದ್ದು ಅದರಿಂದಲೇ. ಇವುಗಳ ತವರು ಟಿಬೆಟ್ಟು, ಮಂಗೋಲಿಯಾದ ಎತ್ತರದ ಸರೋವರಗಳು. ಅಲ್ಲಿ ಮರಿ ಮಾಡಿ, ಚಳಿ ಬಿದ್ದಾಗ ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. ನವೆಂಬರಿನಲ್ಲಿ ಬಂದು ಮಾರ್ಚಿಗೆ ಹೊರಡುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿರುವುದೂ ಉಂಟು. ಎವರೆಸ್ಟಿನ ಮೇಲೆಯೇ ಹಾರುತ್ತವೆ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಉಪಗ್ರಹಕ್ಕೆ ಸುಳಿವು ಕೊಡುವ ಸಣ್ಣ ಯಂತ್ರಗಳನ್ನು ತೊಡಿಸಿ ವಿಜ್ಞಾನಿಗಳು ಅಳೆದಾಗ, 2013ರಲ್ಲಿ ಪ್ರಕಟವಾದ ವರದಿಯಂತೆ, ದೊರೆತ ಅತ್ಯಧಿಕ ಎತ್ತರ 7,290 ಮೀಟರ್. 2015ರಲ್ಲಿ ಇನ್ನೊಂದು ವಿಷಯ ಹೊರಬಂತು: ಅವು ಒಂದೇ ಎತ್ತರದಲ್ಲಿ ಸಾಗದೆ, ಕಣಿವೆ ಬಂದಲ್ಲಿ ಇಳಿದು ಬೆಟ್ಟ ಬಂದಲ್ಲಿ ಏರುತ್ತ, ನೆಲದ ಏರಿಳಿತವನ್ನು ಅನುಸರಿಸುತ್ತವೆ. ಮತ್ತೆ ಮತ್ತೆ ಏರುವ ಶ್ರಮವಿದ್ದರೂ ಕೆಳಗಿನ ದಟ್ಟವಾದ ಗಾಳಿಯಲ್ಲಿ ರೆಕ್ಕೆಗೆ ಆಸರೆ ಹೆಚ್ಚು. ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ರಕ್ತ ಅವಕ್ಕೆ ಹುಟ್ಟಿನಿಂದಲೇ ಬಂದದ್ದು.

ದಂಡೆಯ ಬೇವಿನ ಮರದಡಿ ಕುಳಿತಿದ್ದ ರೈತರೊಬ್ಬರು ನಮಗೆ ಜಾಗ ಮಾಡಿಕೊಟ್ಟರು. “ಬರ್ರಿ, ಕುಂದರ್ರಿ. ಹಗಲೆಲ್ಲ ಕೆರ್ಯಾಗ ಇರ್ತಾವ್ರಿ. ಹೊತ್ತು ಮುಣುಗಿತಂದ್ರ ಹೊಲಕ್ಕ ಹೊಕ್ಕಾವ, ಕಡ್ಲಿ ಮೇಯ್ತಾವ. ಏನ್ ಮಾಡೂದ್ರಿ, ದೂರದಿಂದ ಬಂದಾವ” ಎಂದರು. ಬೆಳೆ ಹೋದುದರ ನೋವೂ, ಬಂದವರ ಮೇಲಿನ ಕನಿಕರವೂ ಒಂದೇ ಮಾತಿನಲ್ಲಿತ್ತು.

ಅವರೆಂದಂತೆಯೇ ಆಯಿತು. ಸೂರ್ಯನು ದಿಗಂತವನ್ನು ಮುಟ್ಟುವ ಹೊತ್ತಿಗೆ ಬಾತುಗಳ ಮಾತು ಏರಿತು. ಒಂದು ಗುಂಪು ಕೊರಳು ನಿಗುರಿಸಿತು. ಮರುಕ್ಷಣ ನೀರಿನ ಮೇಲೆ ಕಾಲು ಬಡಿಯುತ್ತ ನಲವತ್ತು ಐವತ್ತು ಹಕ್ಕಿಗಳು ಎದ್ದವು. ಭಾವನವರು 10×50ನ್ನು ಎತ್ತಿಕೊಂಡರು. ಮೂರು ಸಲ ಎತ್ತಿದರು, ಮೂರು ಸಲ ಇಳಿಸಿದರು. “ಗೆರೆಗಳು ಕಾಣುತ್ತವೆ, ಹಕ್ಕಿ ಕಾಣುವುದಿಲ್ಲ” ಎಂದರು. ಕೈಯ ನಡುಕ ಹತ್ತು ಪಟ್ಟಾಗಿ, ಪ್ರತಿಯೊಂದು ಬಾತೂ ಗೀಚಿದ ಗೆರೆಯಾಗಿತ್ತು. ಜೇಬಿನ ದುರ್ಬೀನನ್ನು ಮೊಮ್ಮಗಳು ತಾನಾಗಿಯೇ ತಾತನ ಕೈಗೆ ಕೊಟ್ಟಳು. ಅದರಲ್ಲಿ ನಡುಕದ ಮೇಲೆ ಕತ್ತಲೆಯೂ ಸೇರಿತ್ತು.

ಕತ್ತಲೆಯ ಕಾರಣವನ್ನು ಹೇಳಬೇಕು. ಮುಂಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 10×25ಕ್ಕೆ ಅದು 2.5 ಮಿಲಿಮೀಟರ್, 8×32ಕ್ಕೆ 4, 10×50ಕ್ಕೆ 5. ಹಗಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಮೂರೂ ಸಾಕಾಗುತ್ತವೆ. ಮುಸ್ಸಂಜೆಯಲ್ಲಿ ಪಾಪೆ ಅರಳುತ್ತದೆ; ಕಿರಿಯರಲ್ಲಿ ಏಳು ಮಿಲಿಮೀಟರಿನವರೆಗೂ. ಆಗ 2.5ರ ಕಂಬ ಬಡವನ ಮನೆಯ ದೀಪ. ಎಪ್ಪತ್ತರ ಆಸುಪಾಸಿನವರ ಪಾಪೆ ಅಷ್ಟು ಅರಳದು, ಐದಕ್ಕೂ ಕಡಿಮೆಯಲ್ಲೇ ನಿಲ್ಲುವುದುಂಟು. ಆದ್ದರಿಂದ ಹಿರಿಯರಿಗೆ ದೊಡ್ಡ ಗಾಜಿನ ಹೆಚ್ಚಿನ ಬೆಳಕು ಬಹುಪಾಲು ದಂಡ. ಅದರ ಭಾರ ಮಾತ್ರ ಪೂರ್ತಿ ಅವರದು. ಕಂಬ ತೀರ ಸಣ್ಣದಾದರೆ ಇನ್ನೊಂದು ತೊಂದರೆ: ಕೈ ಒಂದಿಷ್ಟು ಕದಲಿದರೂ ಕಣ್ಣು ಅದರಿಂದ ಜಾರಿ, ಚಿತ್ರವೇ ಆರಿಹೋಗುತ್ತದೆ.

ಎರಡನೆಯ ಗುಂಪು ಎದ್ದಿತ್ತು. “ಭಾವ, ಹೀಗೆ ಕುಳಿತುಕೊಳ್ಳಿ” ಎಂದು ಅವರನ್ನು ಬೇವಿನ ಬೊಡ್ಡೆಗೆ ಒರಗಿಸಿ, ಮೊಣಕೈಗಳನ್ನು ಎದೆಗೆ ಒತ್ತಿಕೊಳ್ಳುವಂತೆ ಹೇಳಿ, 8×32ನ್ನು ಕೊಟ್ಟೆ. ಅಕ್ಕ ಅವರ ಊರುಗೋಲನ್ನು ಮುಂದೆ ನೆಟ್ಟು ಹಿಡಿದಳು. ಅದರ ಹಿಡಿಯ ಮೇಲೆ ದುರ್ಬೀನಿನ ನಡುಭಾಗ ಕುಳಿತಿತು. ಮೂರನೆಯ ಗುಂಪು ಕೆರೆಯ ಆಚೆ ದಂಡೆಯಿಂದ ಎದ್ದು, ಒಂದು ಸುತ್ತು ಬಂದು, ಓರೆಗೆರೆಯಾಗಿ ನಮ್ಮ ಬಲಕ್ಕೆ ಹಾದಿತು. ಭಾವ ಕೋಲನ್ನೂ ದುರ್ಬೀನನ್ನೂ ಕೂಡಿಯೇ ತಿರುಗಿಸಿದರು. ಬಹಳ ಹೊತ್ತು ಏನೂ ಹೇಳಲಿಲ್ಲ.

“ಮುಂದಿನದು ಹಿಂದಕ್ಕೆ ಬಂತು, ಎರಡನೆಯದು ಮುಂದಕ್ಕೆ ಹೋಯಿತು” ಎಂದರು ಆಮೇಲೆ. “ತಲೆಯ ಪಟ್ಟೆ ಕಂಡಿತು. ಕಾಲಿನ ಹಳದಿ ಕೂಡ ಕಂಡಿತು.”

ಮಾರನೆಯ ಬೆಳಗ್ಗೆ ಅವು ಹೊಲದಿಂದ ಮರಳುವುದನ್ನೂ ನೋಡಿದೆವು. ಬೆಳಕು ಹಿಂದಿನಿಂದ ಬೀಳುತ್ತಿದ್ದುದರಿಂದ ಇನ್ನೂ ಚೆನ್ನಾಗಿತ್ತು. ಹಿಂದಿನ ಸಂಜೆಯ ರೈತರು ಎತ್ತುಗಳಿಗೆ ನೀರು ಕುಡಿಸಲು ಬಂದಿದ್ದರು. ಭಾವನವರೇ ಕರೆದು ದುರ್ಬೀನನ್ನು ಅವರ ಕಣ್ಣಿಗಿಟ್ಟರು. “ಯಪ್ಪಾ, ತಲಿಮ್ಯಾಲೆ ಎರಡು ಪಟ್ಟಿ ಅದಾವಲ್ರಿ! ಹುಟ್ಟಿದಾಗಿಂದ ನೋಡಾಕತ್ತೀನಿ, ಇದನ್ನ ನೋಡೇ ಇರಲಿಲ್ಲ” ಎಂದು ಅವರು ಮತ್ತೆ ಮತ್ತೆ ನೋಡಿದರು.

ಊರಿಗೆ ಬಂದ ಮೇಲೆ ಕೊಳ್ಳುವ ಕೆಲಸ ಉಳಿದಿತ್ತು. ಈ ಹವ್ಯಾಸಿಗಳಲ್ಲಿ ಹೆಚ್ಚಿನವರು 8×42ನ್ನು ಹೊಗಳುತ್ತಾರೆ. ಮಲೆನಾಡಿನ ಕಾಡಿನ ನೆರಳಿನಲ್ಲಿ ಓಡಾಡುವ ಯುವಕರಿಗೆ ಅದು ತಕ್ಕದ್ದೇ. ಬೆಟ್ಟದ ತುದಿಯಲ್ಲಿ ಕುಳಿತು ದೂರದ ಗಿಡುಗಗಳನ್ನು ಗುರುತಿಸುವವರಿಗೆ ಹತ್ತು ಪಟ್ಟಿನದನ್ನು ಬೇಡವೆನ್ನಲಾರೆ. ನಡುಕವನ್ನು ತಾನೇ ತಡೆಯುವ, ವಿದ್ಯುತ್ಕೋಶದಿಂದ ನಡೆಯುವ ದುರ್ಬೀನುಗಳೂ ಇವೆ. ಅವು ಭಾವನವರ ಹಣದ ಆಚೆಯವು. ನಮಗೆ 8×32 ಎಂದು ನಿಶ್ಚಯವಾಗಿತ್ತು.

ಅಷ್ಟಾದರೂ ಒಂದೇ ಅಂಕೆಯ ಎರಡು ದುರ್ಬೀನುಗಳು ಒಂದೇ ಅಲ್ಲ. ಪ್ರಿಸಂಗಳನ್ನು ಓರೆಯಾಗಿ ಜೋಡಿಸಿದ, ಹೆಗಲು ಅಗಲವಾದ ಹಳೆಯ ಮಾದರಿಯು ಇಟಲಿಯ ಪೊರೊ 1854ರಲ್ಲಿ ಹಕ್ಕುಪತ್ರ ಪಡೆದ ಉಪಾಯದಿಂದ ಬಂದದ್ದು. 1894ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆ ಅದನ್ನು ಮಾರುಕಟ್ಟೆಗೆ ತಂದಿತು. ಕೊಳವೆ ನೆಟ್ಟಗಿರುವ ಹೊಸ ಮಾದರಿ ಹಗುರ, ಮಳೆಗೆ ಗಟ್ಟಿ. ಆದರೆ ಅದರೊಳಗೆ ಬೆಳಕು ಎರಡಾಗಿ ಒಡೆದು ಮತ್ತೆ ಕೂಡುವುದರಿಂದ ಪ್ರಿಸಮಿಗೆ ವಿಶೇಷ ಲೇಪನ ಬೇಕು. ಅಗ್ಗದವುಗಳಲ್ಲಿ ಅದಿರುವುದಿಲ್ಲ. ಹಣ ಕಡಿಮೆಯಿದ್ದರೆ ಹಳೆಯ ಮಾದರಿಯಲ್ಲೇ ಒಳ್ಳೆಯ ಚಿತ್ರ ಸಿಗುತ್ತದೆ. ಗಾಜಿಗೆ ಕೆಂಪು ಬಣ್ಣ ಹೊಳೆಯುವಂತೆ ಬಳಿದವು, ಪಟ್ಟನ್ನು ಏರಿಸಿ ಇಳಿಸುವ ಬಗೆಯವು, ಇವುಗಳನ್ನು ಕೈಗೆತ್ತಿಕೊಳ್ಳುವ ಶ್ರಮವೂ ಬೇಡ.

ಅಂಗಡಿಯವರು ತಾಳ್ಮೆಯುಳ್ಳವರು, ನಾಲ್ಕನ್ನು ಹಿಡಿದು ನಾವು ಬೀದಿಗೆ ಬಂದರೂ ಬೇಸರಿಸಲಿಲ್ಲ. ಎದುರಿನ ವಿದ್ಯುತ್ ತಂತಿಯನ್ನು ನೋಡಿದಾಗ ಒಂದರಲ್ಲಿ ಅದು ಎರಡಾಗಿ ಕಂಡಿತು, ಅಂದರೆ ಎರಡು ಕೊಳವೆಗಳ ನೋಟ ಒಂದಾಗುತ್ತಿರಲಿಲ್ಲ. ಅದನ್ನು ಅಲ್ಲಿಯೇ ಹಿಂದಿರುಗಿಸಿದೆವು. ತೋಳಿನಷ್ಟು ದೂರ ಹಿಡಿದು ಆಕಾಶಕ್ಕೆ ತಿರುಗಿಸಿದಾಗ ಕಾಣುವ ಬೆಳಕಿನ ಚುಕ್ಕೆ ಇನ್ನೊಂದರಲ್ಲಿ ದುಂಡಗಿರದೆ ಅಂಚು ಕತ್ತರಿಸಿದಂತಿತ್ತು. ಕೊನೆಗೆ ಬೆಂಗಳೂರಿನ ಪೇಟೆಯ ಮೇಲೆ ಸದಾ ಸುತ್ತುವ ಹದ್ದುಗಳೇ ನಮ್ಮ ಪರೀಕ್ಷಕರಾದವು. ಬೆಳಗುವ ಆಕಾಶದೆದುರು ಹದ್ದಿನ ಕಪ್ಪು ರೆಕ್ಕೆಯ ಅಂಚಿನಲ್ಲಿ ಮೂರನೆಯದು ನೇರಳೆ, ಹಸುರು ಗೆರೆಗಳನ್ನು ತೋರಿಸಿತು. ನಾಲ್ಕನೆಯದರಲ್ಲಿ ಅಂಚು ಶುದ್ಧವಾಗಿತ್ತು. ಮೊಮ್ಮಗಳು ಅದರಲ್ಲಿ ಹದ್ದನ್ನು ಹಿಡಿದು, ಕೊರಳು ತಿರುಗಿಸದೆ ಮೈ ತಿರುಗಿಸಿ, “ಒಂದೇ ದುಂಡು, ತಾತಾ” ಎಂದಳು. ಎರಡು ಲಕ್ಷ ರೂಪಾಯಿ ದಾಟುವ ದುರ್ಬೀನುಗಳೂ ಲೋಕದಲ್ಲಿವೆ. ಭಾವನವರ ಹಣದಲ್ಲಿ ಇದಕ್ಕೆ ಕೊಟ್ಟು ಒಂದಿಷ್ಟು ಉಳಿಯಿತು. ಅದರಲ್ಲಿ ಕೊರಳಿಗೆ ಅಗಲವಾದ ಪಟ್ಟಿಯೊಂದನ್ನೂ, ತುದಿಯಲ್ಲಿ ಕವಲಿರುವ ಒಂದು ಕೋಲನ್ನೂ ಕೊಂಡರು.

ಮಳೆಗಾಲದಲ್ಲಿ ಗಾಜಿನೊಳಗೆ ಬೂಷ್ಟು ಹಿಡಿದು ಹಾಳಾಗುವುದು ನಮ್ಮ ಕಡೆ ಸಾಮಾನ್ಯ. ಆದ್ದರಿಂದ ಅಕ್ಕ ಅದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳೊಂದಿಗೆ ಇಟ್ಟಿದ್ದಾಳೆ. ಬಿಸಿಲು ಬಂದ ದಿನ ಪೊಟ್ಟಣಗಳನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಿ ಮತ್ತೆ ಒಳಗಿಡುತ್ತಾಳೆ. ನವೆಂಬರ್ ಕೊನೆಯ ವಾರಕ್ಕೆ ಗದಗಕ್ಕೆ ನಾಲ್ಕು ಟಿಕೆಟ್ ಕಾದಿರಿಸುವಂತೆ ಭಾವನವರು ನನಗೆ ಹೇಳಿಯಾಗಿದೆ.